ಮನೆಯಲ್ಲೇ ಕಟ್ಟುವ ರೆಕಾರ್ಡಿಂಗ್ ಸಲಕರಣೆಗೆ ಅಗ್ಗದ ಆಡಿಯೋ ಟ್ರಾನ್ಸ್‌ಫಾರ್ಮರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಕ್ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವುದು), ಡಿಐ ಬಾಕ್ಸ್ (ವಾದ್ಯವನ್ನು ಮಿಕ್ಸರಿನ ಮೈಕ್ ಇನ್‌ಪುಟ್‌ಗೆ ಸೇರಿಸುವುದು), ಲೈನ್ ಐಸೊಲೇಟರ್ ಇವನ್ನೆಲ್ಲ ಸ್ವಂತವಾಗಿ ಕಟ್ಟುವವರಿಗೆ ಎಲ್ಲೋ ಒಂದು ಕಡೆ ಟ್ರಾನ್ಸ್‌ಫಾರ್ಮರ್ ಅಡ್ಡ ಬರುತ್ತದೆ. ಬೋರ್ಡಿನ ಮೇಲಿನ ಉಳಿದ ಸಾಮಾನೆಲ್ಲ ಸೇರಿದರೂ ಆಗದಷ್ಟು ಬೆಲೆ ಇದೊಂದಕ್ಕೇ ಇರುತ್ತದೆ. ಬೆಸುಗೆ ಹಾಕಲು ಬರುವ, ಓಮ್ ನಿಯಮ ಗೊತ್ತಿರುವ, ಆದರೆ ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೇ ಇರುವ ಓದುಗರಿಗಾಗಿ ಈ ಉತ್ತರಗಳು.

ಟ್ರಾನ್ಸ್‌ಫಾರ್ಮರ್ ಬೇಕೇ ಬೇಕಾ? ಐಸಿಯಲ್ಲಿ ಆಗಲ್ವಾ?

ಬಹಳ ಸಲ ಆಗುತ್ತದೆ. ಐಎನ್‌ಎ217, ಥಾಟ್ 1510 ತರಹದ ಐಸಿಗಳನ್ನು ಮೈಕ್ ಇನ್‌ಪುಟ್‌ಗೆಂದೇ ಮಾಡಿದ್ದಾರೆ. ನಾಯ್ಸ್ ತೀರಾ ಕಡಿಮೆ, ಬೆಲೆ ಒಳ್ಳೆಯ ಟ್ರಾನ್ಸ್‌ಫಾರ್ಮರಿನ ಒಂದು ಸಣ್ಣ ಪಾಲು. ನಿಮಗೆ ಬೇಕಿರುವುದು ಶುದ್ಧವಾದ ಪ್ರೀಆಂಪ್ ಅಷ್ಟೇ ಅಂದರೆ ಟ್ರಾನ್ಸ್‌ಫಾರ್ಮರ್ ಬಿಡಿ, ಆ ದುಡ್ಡನ್ನು ಮೈಕ್‌ಗೆ ಹಾಕಿ.

ಅದು ನಿಜವಾಗಿ ಬೇಕಾಗುವ ಜಾಗಗಳು ಬೇರೆ. ಎರಡು ಸಲಕರಣೆಗಳ ಅರ್ತ್ ಬೇರೆ ಮಾಡಿ ಹಮ್ ಅನ್ನುವ ಗುಂಯ್ ಸದ್ದು ನಿಲ್ಲಿಸಬೇಕು. ಬ್ಯಾಟರಿ, ಪವರ್ ಏನೂ ಇಲ್ಲದ ಡಿಐ ಬಾಕ್ಸ್ ಬೇಕು. ರಿಬ್ಬನ್ ಮೈಕ್ ಕಟ್ಟಬೇಕು. ಅಥವಾ 1970ರ ಆಸುಪಾಸಿನ ಬ್ರಿಟಿಷ್, ಅಮೆರಿಕನ್ ಕನ್ಸೋಲ್‌ಗಳ ಸರ್ಕ್ಯೂಟನ್ನು ಇದ್ದ ಹಾಗೇ ಕಟ್ಟಬೇಕು. ಇವುಗಳಲ್ಲಿ ಯಾವುದೂ ನಿಮ್ಮದಲ್ಲದಿದ್ದರೆ ಮುಂದೆ ಓದುವುದು ಬರೀ ಕುತೂಹಲಕ್ಕೆ.

1:10, 600:600, 150:15ಕೆ ಅಂತೆಲ್ಲ ಬರೆದಿರುತ್ತಾರೆ. ಹೇಗೆ ಓದಬೇಕು?

1:10 ಅಂದರೆ ಸುತ್ತುಗಳ ಅನುಪಾತ. ಸಿಗ್ನಲ್ ಒಳಬರುವ ಪ್ರೈಮರಿಯಲ್ಲಿ ಒಂದು ಸುತ್ತಿದ್ದರೆ ಹೊರಹೋಗುವ ಸೆಕೆಂಡರಿಯಲ್ಲಿ ಹತ್ತು. ವೋಲ್ಟೇಜ್ ಹತ್ತು ಪಟ್ಟಾಗುತ್ತದೆ, ಅಂದರೆ 20 ಡಿಬಿ ಗೇನ್, ಅದೂ ಕರೆಂಟ್ ಖರ್ಚಿಲ್ಲದೆ. 1:5ಕ್ಕೆ 14 ಡಿಬಿ.

ಇಂಪಿಡೆನ್ಸ್ (ಎಸಿ ಸಿಗ್ನಲ್‌ಗೆ ಎದುರಾಗುವ ತಡೆ) ಮಾತ್ರ ಅನುಪಾತದ ವರ್ಗದಂತೆ ಏರುತ್ತದೆ. 1:10 ಆದರೆ ನೂರು ಪಟ್ಟು. 150 ಓಮ್ ಮೈಕ್ ಸೆಕೆಂಡರಿ ಕಡೆಯಿಂದ 15 ಕಿಲೋ ಓಮ್ ಆಗಿ ಕಾಣುತ್ತದೆ. ಹಾಗಾಗಿ 150:15ಕೆ ಅಂದರೂ 1:10 ಅಂದರೂ ಒಂದೇ. 600:600 ಮತ್ತು 10ಕೆ:10ಕೆ ಎರಡೂ 1:1. ಹಾಗಾದರೆ ಈ ಎರಡಕ್ಕೆ ವ್ಯತ್ಯಾಸ ಏನು? 10ಕೆ ಟ್ರಾನ್ಸ್‌ಫಾರ್ಮರಿನಲ್ಲಿ ತೆಳು ತಂತಿಯ ಸುತ್ತು ಜಾಸ್ತಿ, ಇಂಡಕ್ಟೆನ್ಸ್ ಜಾಸ್ತಿ. ಹಿಂದಿನ ಸಲಕರಣೆಗೆ ಅದರಿಂದ ಭಾರ ಕಡಿಮೆ.

ಮಲ್ಟಿಮೀಟರ್ ಇಟ್ಟರೆ 600 ಬರ್ತಿಲ್ಲ, 60 ಓಮ್ ತೋರಿಸ್ತಿದೆ. ಮೋಸ ಹೋದೆನಾ?

ಇಲ್ಲ. ಮೀಟರ್ ತೋರಿಸುವುದು ತಂತಿಯ ರೆಸಿಸ್ಟೆನ್ಸ್. 600 ಅನ್ನುವುದು ಟ್ರಾನ್ಸ್‌ಫಾರ್ಮರಿನ ಒಳಗೆ ಎಲ್ಲೂ ಇರುವುದಿಲ್ಲ. ಆಚೆ ಕಡೆ 600 ಓಮ್ ಲೋಡ್ ಹಾಕಿದರೆ ಈಚೆ ಕಡೆಯಿಂದ ಸುಮಾರು 600 ಕಾಣುತ್ತದೆ. 10 ಕಿಲೋ ಓಮ್ ಹಾಕಿದರೆ 10 ಕಿಲೋ ಓಮ್ ಕಾಣುತ್ತದೆ.

ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಉಳಿಸಬಹುದು?

ಹೆಸರು ನೋಡಿ ಕೊಳ್ಳುವ ಮೊದಲು ಅದು ಸರ್ಕ್ಯೂಟಿನಲ್ಲಿ ಎಲ್ಲಿ ಕೂರುತ್ತದೆ ಅಂತ ನೋಡಬೇಕು. ಮೂರು ವಿಷಯ ತಿಳಿದುಕೊಳ್ಳಿ: ಸಿಗ್ನಲ್ ಎಷ್ಟು ದೊಡ್ಡದು, ಹಿಂದಿನ ಹಂತದ ಇಂಪಿಡೆನ್ಸ್ ಎಷ್ಟು, ವೈಂಡಿಂಗ್ (ಸುತ್ತಿದ ತಂತಿ) ಮೂಲಕ ಡಿಸಿ ಹರಿಯುತ್ತದಾ ಇಲ್ಲವಾ.

ಮೈಕ್ ಇನ್‌ಪುಟ್‌ನಲ್ಲಿ ಸಿಗ್ನಲ್ ಮಿಲಿವೋಲ್ಟ್ ಲೆಕ್ಕದ್ದು. ಅಲ್ಲಿ ಸೇರಿದ ಹಮ್ಮು, ನಾಯ್ಸು ಮುಂದಿನ 40-50 ಡಿಬಿ ಗೇನ್ ಜೊತೆಗೆ ದೊಡ್ಡದಾಗುತ್ತ ಹೋಗುತ್ತದೆ. ಒಳ್ಳೆಯ ಶೀಲ್ಡ್, ನಿಕ್ಕಲ್ ಕೋರ್ (ಕೋರ್ ಅಂದರೆ ತಂತಿ ಸುತ್ತುವ ಒಳಗಿನ ಲೋಹ), ವೈಂಡಿಂಗ್‌ಗಳ ನಡುವೆ ಫ್ಯಾರಡೆ ಶೀಲ್ಡ್ (ತೆಳು ಲೋಹದ ತಡೆ) ಇವೆಲ್ಲ ಅಲ್ಲಿ ಬೇಕು. ದುಡ್ಡು ಹಾಕುವ ಜಾಗ ಅದೇ.

ಲೈನ್ ಮಟ್ಟದಲ್ಲಿ ಕಥೆ ಬೇರೆ. ಸ್ಟುಡಿಯೋ ಲೈನ್ ಮಟ್ಟವಾದ +4 ಡಿಬಿಯು ಅಂದರೆ 1.23 ವೋಲ್ಟ್. ಇಷ್ಟು ದೊಡ್ಡ ಸಿಗ್ನಲ್ ಪಕ್ಕದಲ್ಲಿ ಸ್ವಲ್ಪ ಹಮ್ ಸೇರಿದರೂ ಕಿವಿಗೆ ಬೀಳುವುದಿಲ್ಲ. ಇಲ್ಲಿ ಶೀಲ್ಡ್‌ಗೆ ದುಡ್ಡು ಕೊಡುವುದು ದಂಡ. ಆದರೆ ಕೋರ್ ದೊಡ್ಡದಿರಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಕಬ್ಬಿಣದ ತೂಕ ಮುಖ್ಯ, ಕಂಪನಿ ಹೆಸರಲ್ಲ. ಬರೀ ಹಮ್ ನಿಲ್ಲಿಸುವ ಐಸೊಲೇಟರ್ ಆದರೆ ಇನ್ನೂ ಅಗ್ಗದಲ್ಲಿ ಮುಗಿಯುತ್ತದೆ.

ಒಂದು ಪ್ರೀಆಂಪ್‌ಗೆ ಎರಡು ಟ್ರಾನ್ಸ್‌ಫಾರ್ಮರ್ ಬೇಕು, ದುಡ್ಡು ಒಂದಕ್ಕೇ ಇದೆ ಅಂದರೆ ಒಳ್ಳೆಯದನ್ನು ಇನ್‌ಪುಟ್‌ಗೆ ಕೊಳ್ಳಿ. ಔಟ್‌ಪುಟ್‌ಗೆ ಸದ್ಯಕ್ಕೆ ಆಪ್‌ಆಂಪ್ ಬ್ಯಾಲೆನ್ಸ್ಡ್ ಡ್ರೈವರ್ ಇರಲಿ. ಪೆಟ್ಟಿಗೆಯಲ್ಲಿ ಜಾಗ ಬಿಟ್ಟರೆ ಆಯಿತು, ಮುಂದೆ ಯಾವಾಗಾದರೂ ಹಾಕಬಹುದು.

ಕೆಲವೇ ಡಾಲರ್‌ನ ಟೆಲಿಫೋನ್ ಟ್ರಾನ್ಸ್‌ಫಾರ್ಮರ್ ರೆಕಾರ್ಡಿಂಗ್‌ಗೆ ಆಗುತ್ತಾ? ಡೇಟಾಶೀಟಿನಲ್ಲಿ ಬರೀ 300ರಿಂದ 3400 ಹರ್ಟ್ಸ್ ಅಂತಿದೆಯಲ್ಲ?

ಆ ಅಂಕಿ ಫೋನ್ ಮಾತಿನ ವ್ಯಾಪ್ತಿ. ಎರಡೂ ಕಡೆ 600 ಓಮ್ ಕಟ್ಟಿ ಅಳೆದದ್ದು. ನಿಮ್ಮ ಸರ್ಕ್ಯೂಟಿನಲ್ಲಿ ಹಾಗೆ ಕಟ್ಟಬೇಕಿಲ್ಲ.

ಬಾಸ್ ಎಲ್ಲಿ ಬೀಳಲು ಶುರುವಾಗುತ್ತದೆ ಅನ್ನುವುದನ್ನು ಎರಡು ಸಂಗತಿ ತೀರ್ಮಾನಿಸುತ್ತವೆ: ಪ್ರೈಮರಿಯ ಇಂಡಕ್ಟೆನ್ಸ್ ಮತ್ತು ಅದಕ್ಕೆ ಎದುರಾಗುವ ರೆಸಿಸ್ಟೆನ್ಸ್. ರೆಸಿಸ್ಟೆನ್ಸನ್ನು 6.28ರಿಂದ, ಆಮೇಲೆ ಇಂಡಕ್ಟೆನ್ಸ್‌ನಿಂದ ಭಾಗಿಸಿದರೆ 3 ಡಿಬಿ ಬೀಳುವ ಆವರ್ತನ ಸಿಗುತ್ತದೆ. ಪ್ರೈಮರಿ 1 ಹೆನ್ರಿ ಇದೆ ಅಂದುಕೊಳ್ಳಿ. 600 ಓಮ್ ಸೋರ್ಸ್, 600 ಓಮ್ ಲೋಡ್ ಪ್ಯಾರಲಲ್ ಸೇರಿ 300 ಓಮ್. 300 ಭಾಗ 6.28 ಅಂದರೆ 48 ಹರ್ಟ್ಸ್. ಅದೇ ಟ್ರಾನ್ಸ್‌ಫಾರ್ಮರನ್ನು 50 ಓಮ್ ರೆಸಿಸ್ಟರ್ ಮೂಲಕ ಆಪ್‌ಆಂಪ್‌ನಿಂದ ಓಡಿಸಿ, ತಂತಿಯ 60 ಓಮ್ ಸೇರಿಸಿ, ಆಚೆ ಕಡೆ 10 ಕಿಲೋ ಓಮ್ ಇನ್‌ಪುಟ್ ಇರಲಿ. ಈಗ ಲೆಕ್ಕಕ್ಕೆ ಬರುವುದು 110 ಓಮ್ ಮಾತ್ರ, ಬಾಸ್ 17-18 ಹರ್ಟ್ಸ್‌ವರೆಗೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಬದಲಾಗಲಿಲ್ಲ, ಓಡಿಸುವ ರೀತಿ ಬದಲಾಯಿತು ಅಷ್ಟೇ. ಸೋರ್ಸ್ ಇಂಪಿಡೆನ್ಸ್ ಇಳಿದಷ್ಟೂ ಡಿಸ್ಟಾರ್ಷನ್ ಕೂಡ ಇಳಿಯುತ್ತದೆ. ಅಗ್ಗದ ಟ್ರಾನ್ಸ್‌ಫಾರ್ಮರ್ ಬಗ್ಗೆ ಒಂದೇ ವಿಷಯ ತಿಳಿದುಕೊಳ್ಳುವುದಾದರೆ ಇದನ್ನೇ ತಿಳಿದುಕೊಳ್ಳಿ.

ಆದರೆ ಬಾಸ್ ಬರುತ್ತದೆ ಅಂದ ಮಾತ್ರಕ್ಕೆ ದೊಡ್ಡ ಸಿಗ್ನಲ್ ತಡೆಯುತ್ತದೆ ಅಂತಲ್ಲ. ಕೋರ್ ಸ್ಯಾಚುರೇಟ್ ಆಗುವ (ಇನ್ನಷ್ಟು ಕಾಂತವಾಗದಷ್ಟು ತುಂಬಿಹೋಗುವ) ಮಟ್ಟ ಆವರ್ತನದ ಜೊತೆಗೇ ಇಳಿಯುತ್ತದೆ. 100 ಹರ್ಟ್ಸ್‌ನಲ್ಲಿ 2 ವೋಲ್ಟ್ ತಡೆಯುವ ಕೋರ್ 50 ಹರ್ಟ್ಸ್‌ನಲ್ಲಿ 1 ವೋಲ್ಟಿಗೇ ಸುಸ್ತು. ಉಗುರಿನಷ್ಟು ಸಣ್ಣ ಕೋರಿಗೆ ಲೈನ್ ಮಟ್ಟದ ಮೃದಂಗದ ತೊಪ್ಪಿ ಅಥವಾ ಬಾಸ್ ಗಿಟಾರ್ ಕೊಟ್ಟರೆ ತಡವರಿಸುತ್ತದೆ. ಬರೀ ಗಾಯನ, ಕೊಳಲು, ಮಾತು ಆದರೆ ಗೊತ್ತೇ ಆಗದಿರಬಹುದು.

ಒಂದು ಅಗ್ಗದ ಉಪಾಯ ಇದೆ. ಒಂದೇ ನಮೂನೆಯ ಎರಡು ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಪ್ರೈಮರಿಗಳನ್ನು ಸೀರೀಸ್ ಮಾಡಿ, ಸೆಕೆಂಡರಿಗಳನ್ನೂ ಸೀರೀಸ್ ಮಾಡಿ. ಒಂದೊಂದಕ್ಕೂ ಅರ್ಧ ವೋಲ್ಟೇಜ್ ಮಾತ್ರ ಬೀಳುತ್ತದೆ. 6 ಡಿಬಿ ಜಾಸ್ತಿ ಜಾಗ ಸಿಗುತ್ತದೆ, ಇಂಡಕ್ಟೆನ್ಸ್ ಎರಡರಷ್ಟಾಗುತ್ತದೆ. ತಂತಿಯ ರೆಸಿಸ್ಟೆನ್ಸೂ ಎರಡರಷ್ಟಾಗುತ್ತದೆ, ಅದು ಇದ್ದದ್ದೇ.

ಕಾರ್ ಆಡಿಯೋಗೆ ಮಾರುವ ಗ್ರೌಂಡ್ ಲೂಪ್ ಐಸೊಲೇಟರ್?

ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಒಳಗೆ ಎರಡು ಪುಟ್ಟ 1:1 ಟ್ರಾನ್ಸ್‌ಫಾರ್ಮರ್ ಇರುತ್ತವೆ. ಮೇಲೆ ಹೇಳಿದ ಮಿತಿಗಳೆಲ್ಲ ಅದಕ್ಕೂ ಅನ್ವಯ. ಲ್ಯಾಪ್‌ಟಾಪಿನ ಹಮ್ ಕಳೆಯಲು ಪರವಾಗಿಲ್ಲ. ಮಿಕ್ಸ್ ಮಾಡಿದ ಹಾಡನ್ನು ಅದರ ಮೂಲಕ ಹಾಯಿಸಬೇಡಿ.

ಹಳೆಯ ಡಯಲ್‌ಅಪ್ ಮೋಡೆಮ್‌ಗಳಲ್ಲಿ ಸಿಗುವುದನ್ನು ಬಿಚ್ಚಿ ಹಾಕಬಹುದಾ?

ಹಾಕಬಹುದು, ನೋಡಿ ಆರಿಸಿ. ಟೆಲಿಫೋನ್ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಜಾತಿ: ಡ್ರೈ ಮತ್ತು ವೆಟ್. ವೆಟ್ ಅಂದರೆ ಫೋನ್ ಲೈನಿನ ಡಿಸಿ ಕರೆಂಟ್ ತನ್ನ ಮೂಲಕವೇ ಹರಿದರೂ ತಡೆಯುವಂಥದ್ದು. ಅದಕ್ಕಾಗಿ ಕೋರಿನಲ್ಲಿ ಸಣ್ಣ ಗಾಳಿ ಸಂದು ಬಿಟ್ಟಿರುತ್ತಾರೆ, ಇಂಡಕ್ಟೆನ್ಸ್ ಕಡಿಮೆಯಾಗುತ್ತದೆ. ಡ್ರೈ ಜಾತಿಯಲ್ಲಿ ಸಂದು ಇಲ್ಲ. ನಮಗೆ ಬೇಕಾದ್ದು ಡ್ರೈ.

ಹಳೆಯ ಡಯಲ್ ಫೋನ್‌ನೊಳಗಿನ ಇಂಡಕ್ಷನ್ ಕಾಯಿಲ್ ಮಾತ್ರ ಬೇಡ. ಬೆಂಗಳೂರಿನ ಐಟಿಐ ಕಾರ್ಖಾನೆಯ ಕಪ್ಪು ಫೋನ್‌ಗಳು ಗುಜರಿಯಲ್ಲಿ ಕಂಡರೆ ಆಸೆ ಆಗುವುದು ಸಹಜ. ಆದರೆ ಆ ಕಾಯಿಲ್ ಇರುವುದು ಮಾತಾಡುವವರ ದನಿ ಅವರ ಕಿವಿಗೇ ಜೋರಾಗಿ ಬರದಂತೆ ತಡೆಯಲು. ಅದರ ವೈಂಡಿಂಗ್‌ಗಳ ಲೆಕ್ಕವೇ ಬೇರೆ. ಫೋನನ್ನು ಫೋನಾಗಿಯೇ ಇಟ್ಟುಕೊಳ್ಳಿ.

ಮೈಕ್ ಇನ್‌ಪುಟ್‌ಗೆ ಯಾವ ರೇಶಿಯೋ? ಜಾಸ್ತಿ ಇದ್ದಷ್ಟೂ ಒಳ್ಳೆಯದಾ?

ಅಲ್ಲ. ಅದರ ನಂತರ ಬರುವ ಆಂಪ್ಲಿಫೈಯರಿಗೆ ತಕ್ಕಂತೆ ಆರಿಸಬೇಕು.

150 ಓಮ್ ಮೈಕ್ ಸುಮ್ನೆ ಇದ್ದರೂ ಒಂದು ಹರ್ಟ್ಸ್ ಬ್ಯಾಂಡ್‌ವಿಡ್ತಿನಲ್ಲಿ ಸುಮಾರು 1.6 ನ್ಯಾನೋವೋಲ್ಟ್ ನಾಯ್ಸ್ ಮಾಡುತ್ತದೆ. ಅದು ಭೌತಶಾಸ್ತ್ರದ ನಿಯಮ, ತಪ್ಪಿಸಲಾಗದು. ಎನ್‌ಇ5534 ಆಪ್‌ಆಂಪ್‌ನ ನಾಯ್ಸ್ ಸುಮಾರು 4 ನ್ಯಾನೋವೋಲ್ಟ್. ನೇರವಾಗಿ ಸೇರಿಸಿದರೆ ಮೈಕಿಗಿಂತ ಐಸಿಯ ಸದ್ದೇ ಜಾಸ್ತಿ. 1:5 ಟ್ರಾನ್ಸ್‌ಫಾರ್ಮರ್ ಹಾಕಿದರೆ ಮೈಕಿನ ನಾಯ್ಸ್ 8 ನ್ಯಾನೋವೋಲ್ಟ್ ಆಗುತ್ತದೆ, ಸಿಗ್ನಲ್ಲೂ ಐದು ಪಟ್ಟು. ಈಗ ಐಸಿಯ 4 ಹಿಂದೆ ಬಿತ್ತು. 1:10 ಮಾಡಿದರೆ ಇನ್ನೂ ಒಳ್ಳೆಯದಾಗಬೇಕಲ್ವಾ? ಆಗುವುದಿಲ್ಲ. ಸೋರ್ಸ್ 15 ಕಿಲೋ ಓಮ್ ಆದಾಗ ಐಸಿಯ ಕರೆಂಟ್ ನಾಯ್ಸ್ ಎದ್ದು ನಿಲ್ಲುತ್ತದೆ. 5534ಕ್ಕೆ 1:5ರಿಂದ 1:7 ಹದವಾದ ಜಾಗ. ವಾಲ್ವ್ ಅಥವಾ ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಆದರೆ ಕರೆಂಟ್ ನಾಯ್ಸ್ ಇಲ್ಲದಷ್ಟು ಕಡಿಮೆ, ಅಲ್ಲಿ 1:10 ಸರಿ. ಟಿಎಲ್072 ಎಫ್‌ಇಟಿ ಜಾತಿಯೇ ಆದರೂ ಅದರ ವೋಲ್ಟೇಜ್ ನಾಯ್ಸ್ ಸುಮಾರು 18 ನ್ಯಾನೋವೋಲ್ಟ್. 1:10 ಹಾಕಿದರೂ ಅದು ಮೈಕಿನ ಸಮಕ್ಕೆ ಬಂದು ನಿಲ್ಲುತ್ತದೆ. ಮೈಕ್ ಇನ್‌ಪುಟ್‌ಗೆ ಅದು ಬೇಡ.

ರೇಶಿಯೋ ಏರಿದಷ್ಟೂ ಟ್ರಾನ್ಸ್‌ಫಾರ್ಮರ್ ಮಾಡುವುದೂ ಕಷ್ಟ. ಸುತ್ತು ಜಾಸ್ತಿ, ಕೆಪ್ಯಾಸಿಟೆನ್ಸ್ ಜಾಸ್ತಿ, ಮೇಲಿನ ಆವರ್ತನ ಕೈಕೊಡುತ್ತದೆ. ಅಗ್ಗದ 1:10ಕ್ಕಿಂತ ಅಗ್ಗದ 1:5 ಸಾಮಾನ್ಯವಾಗಿ ಮೇಲು.

ಯಾವ ಕಂಪನಿ, ಯಾವ ನಂಬರ್? ಹೆಸರು ಹೇಳಿಬಿಡಿ.

ದುಬಾರಿ ತುದಿಯಲ್ಲಿ ಅಮೆರಿಕದ ಜೆನ್ಸನ್ ಇದೆ. ಅದರ ಜೆಟಿ-115ಕೆ-ಇ 1:10 ಮೈಕ್ ಇನ್‌ಪುಟ್‌ನಲ್ಲಿ ಎಲ್ಲರೂ ಹೋಲಿಸಿ ನೋಡುವ ಮಾದರಿ. ಸ್ವೀಡನ್ನಿನ ಲುಂಡಾಲ್‌ನ ಎಲ್‌ಎಲ್1538 ಮೈಕ್ ಇನ್‌ಪುಟ್‌ಗೆ ಇನ್ನೊಂದು ಹೆಸರು. ಕ್ಯಾಲಿಫೋರ್ನಿಯಾದ ಸಿನಿಮ್ಯಾಗ್ ಅದೇ ದರ್ಜೆಯ ಕೆಲಸ ಮಾಡುತ್ತದೆ. ಇವು ಅಗ್ಗದವಲ್ಲ. ಆದರೆ ಡೇಟಾಶೀಟುಗಳನ್ನು ಬಿಡದೆ ಓದಿ, ಒಳ್ಳೆಯದು ಅಂದರೆ ಎಷ್ಟು ಒಳ್ಳೆಯದು ಅನ್ನುವುದಕ್ಕೆ ಅಳತೆಗೋಲು ಸಿಗುತ್ತದೆ.

ನಡುವಿನ ದರ್ಜೆಯಲ್ಲಿ ಇಂಗ್ಲೆಂಡಿನ ಓಇಪಿ ನನ್ನ ಮೊದಲ ಆಯ್ಕೆ. ಎ262ಎ3ಇ ನಂಬರಿನದು 1+1:6.45+6.45. ಎರಡು ಪ್ರೈಮರಿ ಸೀರೀಸ್, ಎರಡು ಸೆಕೆಂಡರಿ ಸೀರೀಸ್ ಮಾಡಿದರೆ 1:6.45 ಸಿಗುತ್ತದೆ, 16 ಡಿಬಿ. 5534ಕ್ಕೆ ಹೇಳಿ ಮಾಡಿಸಿದ ಹಾಗೆ. ಮ್ಯೂಮೆಟಲ್ (ಕಾಂತಕ್ಷೇತ್ರ ತಡೆಯುವ ಮಿಶ್ರಲೋಹ) ಡಬ್ಬಿ ಬೇಕಿದ್ದರೆ ಬೇರೆ ಕೊಳ್ಳಬಹುದು. ನ್ಯೂಟ್ರಿಕ್‌ನ ಎನ್‌ಟಿಇ10/3 ಪುಟ್ಟದು, 1:10 ಮತ್ತು 1:3 ಎರಡೂ ಸಿಗುತ್ತದೆ. ಆದರೆ ಅದು ಸಣ್ಣ ಸಿಗ್ನಲ್‌ಗೆ ಮಾತ್ರ. ಕಿಕ್ ಡ್ರಮ್ ಮುಂದೆ ಮೈಕ್ ಇಡುವುದಾದರೆ ಮೊದಲು ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ.

ಲೈನ್ ಮಟ್ಟಕ್ಕೆ ನ್ಯೂ ಮೆಕ್ಸಿಕೋದ ಎಡ್ಕಾರ್ ಬೆಲೆಗೆ ತಕ್ಕ ಮಾಲು. ನೋಡಲು ಏನೂ ಚೆಂದ ಇಲ್ಲ, ಸ್ಟೀಲ್ ಕೋರ್, ದಪ್ಪ ಮೈ. ಲೈನ್ ಔಟ್‌ಪುಟ್‌ಗೆ ಬೇಕಾದ್ದೂ ಅದೇ. ಎಲ್ಲಕ್ಕಿಂತ ಕೆಳಗೆ ಬೋರ್ನ್ಸ್‌ನ ಟೆಲಿಕಾಂ ಟ್ರಾನ್ಸ್‌ಫಾರ್ಮರ್‌ಗಳು, ದೊಡ್ಡ ಬಿಡಿಭಾಗ ವ್ಯಾಪಾರಿಗಳಲ್ಲಿ ಸಿಗುತ್ತವೆ.

ಭಾರತಕ್ಕೆ ತರಿಸುವಾಗ ಟ್ರಾನ್ಸ್‌ಫಾರ್ಮರಿನ ಬೆಲೆ ಒಂದೇ ನೋಡಬೇಡಿ. ಕೊರಿಯರ್, ಕಸ್ಟಮ್ಸ್, ತೆರಿಗೆ ಎಲ್ಲ ಸೇರಿದರೆ ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ, ಅದರಲ್ಲೂ ತೂಕದ ಎಡ್ಕಾರ್. ನಾಲ್ಕು ಜನ ಗೆಳೆಯರು ಸೇರಿ ಒಟ್ಟಿಗೆ ತರಿಸುವುದೇ ವಾಸಿ.

ನಿಕ್ಕಲ್ ಕೋರ್ ಅಂದರೆ ಯಾವಾಗಲೂ ಮೇಲಾ?

ಸಣ್ಣ ಸಿಗ್ನಲ್‌ಗೆ ಹೌದು. ಶೇಕಡಾ 80ರಷ್ಟು ನಿಕ್ಕಲ್ ಇರುವ ಕೋರು ಚಿಕ್ಕ ಸಿಗ್ನಲ್‌ಗೂ ಚುರುಕಾಗಿ ಸ್ಪಂದಿಸುತ್ತದೆ, ಡಿಸ್ಟಾರ್ಷನ್ ತೀರಾ ಕಡಿಮೆ. ಆದರೆ ಅದು ಸುಮಾರು 0.8 ಟೆಸ್ಲಾಗೇ ಸ್ಯಾಚುರೇಟ್ ಆಗುತ್ತದೆ. ಸಿಲಿಕಾನ್ ಸ್ಟೀಲ್ 2 ಟೆಸ್ಲಾ ಹತ್ತಿರ ಹೋಗುತ್ತದೆ. ಅರ್ಧ ನಿಕ್ಕಲ್ ಇರುವ ಕೋರ್ ನಡುವಿನದು. ಹಾಗಾಗಿ ಇನ್‌ಪುಟ್‌ಗೆ ನಿಕ್ಕಲ್, ಔಟ್‌ಪುಟ್‌ಗೆ ಸ್ಟೀಲ್. "ಪರ್ಮಲಾಯ್" (ನಿಕ್ಕಲ್ ಮಿಶ್ರಲೋಹ) ಅಂತ ಬರೆದು ಚಿಲ್ಲರೆ ಬೆಲೆಗೆ ಮಾರುವುದನ್ನು ಅಳೆಯದೆ ನಂಬಬೇಡಿ.

ವೀಣೆಗೆ, ಪಿಟೀಲಿಗೆ ಕಾಂಟ್ಯಾಕ್ಟ್ ಮೈಕ್ ಇದೆ. ಟ್ರಾನ್ಸ್‌ಫಾರ್ಮರ್ ಡಿಐ ಸಾಕಾ?

ಸಾಲದು. ಮಾಮೂಲಿ ಪ್ಯಾಸಿವ್ ಡಿಐ ಟ್ರಾನ್ಸ್‌ಫಾರ್ಮರ್ 12:1 ಆಸುಪಾಸು ಇರುತ್ತದೆ. ಮಿಕ್ಸರಿನ ಮೈಕ್ ಇನ್‌ಪುಟ್ 1ರಿಂದ 2 ಕಿಲೋ ಓಮ್ ಇದ್ದರೆ, 144 ಪಟ್ಟಾಗಿ ವಾದ್ಯಕ್ಕೆ ಒಂದೂವರೆಯಿಂದ ಮೂರು ಲಕ್ಷ ಓಮ್ ಒಳಗೆ ಕಾಣುತ್ತದೆ. ಕೀಬೋರ್ಡ್, ಬಾಸ್ ಗಿಟಾರ್‌ಗೆ ಇದು ಸಾಕು. ಪಿಯೆಜೊ ಕಾಂಟ್ಯಾಕ್ಟ್ ಮೈಕಿಗೆ ಮಾತ್ರ ಮೆಗಾ ಓಮ್ ಲೆಕ್ಕದ ಇನ್‌ಪುಟ್ ಬೇಕು. ಇಲ್ಲದಿದ್ದರೆ ವೀಣೆಯ ಮಂದ್ರವೇ ಮಾಯವಾಗಿ ಬರೀ ತಂತಿ ಸದ್ದು ಉಳಿಯುತ್ತದೆ. ಮೊದಲು ಒಂದು ಎಫ್‌ಇಟಿ ಬಫರ್ ಇಟ್ಟು ಆಮೇಲೆ ಟ್ರಾನ್ಸ್‌ಫಾರ್ಮರ್ ಹಾಕಿ. ಬಫರ್ ಇದ್ದ ಮೇಲೆ 12:1 ಕೂಡ ಬೇಕಿಲ್ಲ, ಅಗ್ಗದ 1:1 ಸಾಕಾಗುತ್ತದೆ. ಹೇಗೂ ಎಫ್‌ಇಟಿಗೆ ಕೆಲವೇ ರೂಪಾಯಿ.

ರಿಬ್ಬನ್ ಮೈಕ್ ಕಟ್ಟಬೇಕು. ಪಿಎ ಸ್ಪೀಕರಿನ 100 ವೋಲ್ಟ್ ಲೈನ್ ಟ್ರಾನ್ಸ್‌ಫಾರ್ಮರ್ ತಿರುಗಿಸಿ ಹಾಕಬಹುದಾ?

ರೇಶಿಯೋ ನೋಡಿದರೆ ಆಸೆ ಹುಟ್ಟುತ್ತದೆ. 1 ವಾಟ್ ಟ್ಯಾಪ್ ಅಂದರೆ 10 ಕಿಲೋ ಓಮ್. ಅದಕ್ಕೆ 8 ಓಮ್ ಸ್ಪೀಕರ್, ಅಂದರೆ ಸುಮಾರು 35:1. ರಿಬ್ಬನ್ನಿಗೂ ಬೇಕಾದ್ದು ಸರಿಸುಮಾರು ಅಷ್ಟೇ.

ತೊಂದರೆ ಇರುವುದು ತಂತಿಯಲ್ಲಿ. ರಿಬ್ಬನ್ ಅಂದರೆ ಮೈಕಿನೊಳಗೆ ಕಂಪಿಸುವ ತೆಳು ಲೋಹದ ಪಟ್ಟಿ, ಅದರ ರೆಸಿಸ್ಟೆನ್ಸ್ 0.2 ಓಮ್ ಇರಬಹುದು. 8 ಓಮಿಗೆಂದು ಸುತ್ತಿದ ವೈಂಡಿಂಗ್ ತಾನೇ ಅರ್ಧ ಓಮ್ ಇದ್ದರೆ ಒಟ್ಟು 0.7 ಆಯಿತು. ನಾಯ್ಸ್ 5 ಡಿಬಿಗಿಂತ ಜಾಸ್ತಿ ಏರುತ್ತದೆ. ಮೊದಲೇ ರಿಬ್ಬನ್ ದನಿ ಸಣ್ಣದು. ರಿಬ್ಬನ್ನಿಗೆ ದಪ್ಪ ಪ್ರೈಮರಿ ಇರುವ, ರಿಬ್ಬನ್ನಿಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರನ್ನೇ ಕೊಳ್ಳಿ. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಹಳೆಯ ಬ್ರಿಟಿಷ್ ಕನ್ಸೋಲ್‌ನ ನೀವ್ 1073 ಪ್ರೀಆಂಪ್ ತರಹದ್ದು ಕಟ್ಟುತ್ತಿದ್ದೇನೆ. ಔಟ್‌ಪುಟ್‌ಗೆ ಯಾವುದಾದರೂ ಲೈನ್ ಟ್ರಾನ್ಸ್‌ಫಾರ್ಮರ್ ಹಾಕಲಾ?

ಬೇಡ. ಆ ಸರ್ಕ್ಯೂಟಿನ ಕೊನೆಯ ಹಂತ ಸಿಂಗಲ್ ಎಂಡೆಡ್ ಕ್ಲಾಸ್ ಎ. ಟ್ರಾನ್ಸಿಸ್ಟರಿನ ಡಿಸಿ ಕರೆಂಟ್ ಪೂರ್ತಿ ಪ್ರೈಮರಿ ಮೂಲಕವೇ ಹರಿಯುತ್ತದೆ. ಸಂದು ಇಲ್ಲದ ಕೋರು ಸಿಗ್ನಲ್ ಬರುವ ಮೊದಲೇ ಸ್ಯಾಚುರೇಟ್ ಆಗಿ ಕೂತಿರುತ್ತದೆ. ಗಾಳಿ ಸಂದು ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಬೇಕು, ಇಂಗ್ಲೆಂಡಿನ ಕಾರ್ನ್‌ಹಿಲ್ ಕಂಪನಿ ಇವನ್ನು ಈಗಲೂ ಮಾಡುತ್ತದೆ. ಅಷ್ಟು ದುಡ್ಡು ಬೇಡ ಅಂದರೆ ಡಿಸಿ ಹರಿಯದ ಬೇರೆ ಸರ್ಕ್ಯೂಟ್ ಆರಿಸಿ.

ಡಿಸಿ ತಡೆಯಲು ಮಧ್ಯೆ ಕೆಪ್ಯಾಸಿಟರ್ ಇಟ್ಟರೆ ಸಾಕಲ್ವಾ?

ಸಾಕು, ಆದರೆ ದೊಡ್ಡದು ಇಡಿ. ಕೆಪ್ಯಾಸಿಟರೂ ಪ್ರೈಮರಿಯೂ ಸೇರಿ ಒಂದು ಆವರ್ತನದಲ್ಲಿ ಅನುರಣಿಸುತ್ತವೆ. 1 ಹೆನ್ರಿ ಜೊತೆ 10 ಮೈಕ್ರೋಫ್ಯಾರಡ್ ಇಟ್ಟರೆ ಅದು 50 ಹರ್ಟ್ಸ್‌ನಲ್ಲಿ ಬಂದು ಕೂರುತ್ತದೆ. ಬಾಸ್ ಅಲ್ಲಿ ಉಬ್ಬೆದ್ದು ಅದರ ಕೆಳಗೆ ಧಡಕ್ಕನೆ ಬೀಳುತ್ತದೆ. 470 ಮೈಕ್ರೋಫ್ಯಾರಡ್ ಆದರೆ 7 ಹರ್ಟ್ಸ್ ಹತ್ತಿರ ಹೋಗುತ್ತದೆ, ಯಾರಿಗೂ ಕೇಳಿಸುವುದಿಲ್ಲ. "ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಬಾಸ್ ತುಂಬಿ ಬಂತು" ಅನ್ನುವ ಹೊಗಳಿಕೆಯ ಹಿಂದೆ ಎಷ್ಟೋ ಸಲ ಈ ಉಬ್ಬೇ ಇರುತ್ತದೆ.

ಮೈಕ್ ಕೇಬಲ್ ಮೂಲಕವೇ ಮೈಕಿಗೆ ಹೋಗುವ 48 ವೋಲ್ಟ್ ಫ್ಯಾಂಟಮ್ ಪವರ್ ಕೊಟ್ಟರೆ ಇನ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಪೆಟ್ಟಾಗುತ್ತಾ?

ಫ್ಯಾಂಟಮ್ ಹಾಯಿಸುವ ಎರಡು 6.8 ಕಿಲೋ ಓಮ್ ರೆಸಿಸ್ಟರ್‌ಗಳು ಸಮನಾಗಿದ್ದರೆ ಏನೂ ಆಗುವುದಿಲ್ಲ. ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಇರುವುದರಿಂದ ಪ್ರೈಮರಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಅವು ಸಮ ಇಲ್ಲದಿದ್ದರೆ ಸಣ್ಣ ಡಿಸಿ ಹರಿದು ನಿಕ್ಕಲ್ ಕೋರನ್ನು ಒಂದು ಕಡೆಗೆ ವಾಲಿಸುತ್ತದೆ. ಮಾನದಂಡ ಹೇಳುವುದು 0.4 ಶೇಕಡಾ ಒಳಗೆ ಹೊಂದಬೇಕು ಅಂತ, ಅಂದರೆ ಸುಮಾರು 27 ಓಮ್. ಅಂಗಡಿಯಿಂದ 1 ಶೇಕಡಾ ರೆಸಿಸ್ಟರ್ ಒಂದು ಪಟ್ಟಿ ತಂದು ಅಳೆದು ಜೋಡಿ ಮಾಡಿ. 5 ಓಮ್ ಒಳಗೆ ಹೊಂದುವ ಜೋಡಿ ಸುಲಭವಾಗಿ ಸಿಗುತ್ತದೆ.

ಹಮ್ ಬರ್ತಿದೆ. ಟ್ರಾನ್ಸ್‌ಫಾರ್ಮರ್ ಕೆಟ್ಟದ್ದಾ?

ಮೊದಲು ಯಾವ ಹಮ್ ಅಂತ ನೋಡಿ. 100 ಹರ್ಟ್ಸ್ ಮತ್ತು ಅದರ ಮೇಲಿನ ಜುಂಯ್ ಸದ್ದು ಪವರ್ ಸಪ್ಲೈಯ ರೆಕ್ಟಿಫೈಯರಿನದು. ದಪ್ಪನೆಯ 50 ಹರ್ಟ್ಸ್ ಆದರೆ ಮೇನ್ಸ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ನೇರವಾಗಿ ನುಗ್ಗುತ್ತಿದೆ ಅನ್ನುವ ಅನುಮಾನ ಪಡಿ.

ಎರಡನೆಯದಕ್ಕೆ ತಾಮ್ರ, ಅಲ್ಯೂಮಿನಿಯಂ ಡಬ್ಬಿ ಏನೂ ಮಾಡುವುದಿಲ್ಲ. ಮ್ಯೂಮೆಟಲ್ ಬೇಕು, ಅಥವಾ ದೂರ ಬೇಕು. ಪುಕ್ಕಟೆ ಉಪಾಯ ಅಂದರೆ ಸ್ಕ್ರೂ ಬಿಗಿಯುವ ಮೊದಲು ಹೆಡ್‌ಫೋನ್ ಹಾಕಿಕೊಂಡು ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುವುದು. ಒಂದು ಕೋನದಲ್ಲಿ ಹಮ್ ಥಟ್ಟನೆ ಕುಸಿಯುತ್ತದೆ. ಅಲ್ಲೇ ಕೂರಿಸಿ. ಇನ್ನೂ ಸುಲಭ ಅಂದರೆ ಮೇನ್ಸ್ ಟ್ರಾನ್ಸ್‌ಫಾರ್ಮರನ್ನೇ ಪೆಟ್ಟಿಗೆಯಿಂದ ಆಚೆ ಹಾಕಿ ಅಡಾಪ್ಟರ್ ಬಳಸುವುದು. ಮ್ಯೂಮೆಟಲ್ ಡಬ್ಬಿಯ ದುಡ್ಡು ಉಳಿಯುತ್ತದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಸುತ್ತಿಸಿಕೊಳ್ಳಬಹುದಾ?

ಲೈನ್ ಔಟ್‌ಪುಟ್ ಆದರೆ ಧಾರಾಳವಾಗಿ. ಎಸ್‌ಪಿ ರೋಡೇ ಆಗಬೇಕಿಲ್ಲ. ಸ್ಟೆಬಿಲೈಸರ್, ಯುಪಿಎಸ್ ಟ್ರಾನ್ಸ್‌ಫಾರ್ಮರ್ ಸುತ್ತುವವರು ಸಣ್ಣ ಊರುಗಳಲ್ಲೂ ಇದ್ದಾರೆ. ಅವರಿಗೆ "ಆಡಿಯೋ ಟ್ರಾನ್ಸ್‌ಫಾರ್ಮರ್" ಅಂತ ಹೇಳಿ ಕೂರಬೇಡಿ. ಸುತ್ತು, ಗೇಜ್, ಸ್ಟ್ಯಾಂಪಿಂಗ್ ಅಳತೆ ಬರೆದುಕೊಡಿ.

ಶುರು ಮಾಡಲು ಒಂದು ಲೆಕ್ಕ ಇಲ್ಲಿದೆ. ನಡುವಿನ ಕಾಲು ಅರ್ಧ ಇಂಚು ಇರುವ ಇ-ಐ ಸ್ಟ್ಯಾಂಪಿಂಗ್, ಅರ್ಧ ಇಂಚು ದಪ್ಪಕ್ಕೆ ಜೋಡಿಸಿದ್ದು. 36 ಗೇಜ್ ತಂತಿಯ ಎರಡು ಎಳೆ ಒಟ್ಟಿಗೆ ಹಿಡಿದು 550 ಸುತ್ತು. ಒಂದು ಎಳೆ ಪ್ರೈಮರಿ, ಇನ್ನೊಂದು ಸೆಕೆಂಡರಿ, 1:1. 20 ಹರ್ಟ್ಸ್‌ನಲ್ಲೂ ಸುಮಾರು 7.7 ವೋಲ್ಟ್, ಅಂದರೆ +20 ಡಿಬಿಯುವರೆಗೆ ಕೋರು 1 ಟೆಸ್ಲಾ ಒಳಗೇ ಇರುತ್ತದೆ. ಇ ಮತ್ತು ಐ ಪಟ್ಟಿಗಳನ್ನು ಒಂದು ಆ ಕಡೆ ಒಂದು ಈ ಕಡೆ ಹೆಣೆದು ಹಾಕಬೇಕು. ಚೋಕ್‌ಗೆ ಹಾಕುವ ಹಾಗೆ ಎಲ್ಲ ಇ ಒಂದು ಕಡೆ, ಮಧ್ಯೆ ಕಾಗದ ಇಡಬಾರದು. ಎರಡು ಎಳೆ ಒಟ್ಟಿಗೆ ಸುತ್ತಿದ್ದರಿಂದ ಮೇಲಿನ ಆವರ್ತನ ಚೆನ್ನಾಗಿ ದಾಟುತ್ತದೆ. ನಡುವೆ ಇರುವುದು ಎನಾಮಲ್ ಒಂದೇ, ಹಾಗಾಗಿ ಮೇನ್ಸ್ ಹತ್ತಿರ ಸುಳಿಯಬಾರದು. ಇದನ್ನು ಆಪ್‌ಆಂಪ್‌ನಿಂದ ಕಡಿಮೆ ಇಂಪಿಡೆನ್ಸಿನಲ್ಲೇ ಓಡಿಸಿ.

ಮೈಕ್ ಇನ್‌ಪುಟ್ ಮಾತ್ರ ಹೀಗೆ ಸುತ್ತಿಸಲು ಹೋಗಬೇಡಿ. ನಿಕ್ಕಲ್ ಸ್ಟ್ಯಾಂಪಿಂಗ್ ಅವರ ಹತ್ತಿರ ಇರುವುದಿಲ್ಲ.

ಹಳೆ ರೇಡಿಯೋದ ಟ್ರಾನ್ಸ್‌ಫಾರ್ಮರ್, 230 ವೋಲ್ಟಿನ 6-0-6 ಟ್ರಾನ್ಸ್‌ಫಾರ್ಮರ್?

ಟ್ರಾನ್ಸಿಸ್ಟರ್ ರೇಡಿಯೋದ ಪುಟ್ಟ ಡ್ರೈವರ್ ಟ್ರಾನ್ಸ್‌ಫಾರ್ಮರಿನಲ್ಲಿ ಬಾಸ್ ಇಲ್ಲ, ಆದರೆ ಹಳೆ ಕಾಲದ ರೇಡಿಯೋ ದನಿ ಬೇಕೆಂದೇ ಬೇಕಾದಾಗ ಮಜವಾಗಿರುತ್ತದೆ. ವಾಲ್ವ್ ರೇಡಿಯೋದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸ್ಪೀಕರಿಗೆಂದು ಮಾಡಿದ್ದು, ಲೈನಿಗೆ ಹೊಂದುವುದಿಲ್ಲ. 6-0-6 ಕೋರು ದೊಡ್ಡದು, ಬಾಸ್ ಬೇಕಾದಷ್ಟು ತಡೆಯುತ್ತದೆ, ಮೇಲಿನ ಆವರ್ತನ ಬೇಗ ಸೋರಿಹೋಗುತ್ತದೆ. ಪ್ರಯೋಗಕ್ಕೆ ಸರಿ. ಪ್ಲಗ್ಗಿನ ವೈರ್ ಮೊದಲೇ ಕತ್ತರಿಸಿ ಬಿಸಾಡಿ, ಮುಂದೆ ಯಾರೂ ಗೊತ್ತಿಲ್ಲದೆ ಗೋಡೆಗೆ ಚುಚ್ಚಬಾರದು.

ಕೊಂಡಿದ್ದು ಚೆನ್ನಾಗಿದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ಆಡಿಯೋ ಇಂಟರ್‌ಫೇಸ್ ಇದ್ದರೆ ಸಾಕು. ರೂಮ್ ಇಕ್ಯೂ ವಿಜರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಮೊದಲು ಟ್ರಾನ್ಸ್‌ಫಾರ್ಮರ್ ಇಲ್ಲದೆ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ನೇರ ಕೇಬಲ್ ಹಾಕಿ ಅಳೆಯಿರಿ. ಆಮೇಲೆ ಟ್ರಾನ್ಸ್‌ಫಾರ್ಮರ್ ಸೇರಿಸಿ ಅಳೆಯಿರಿ. ವ್ಯತ್ಯಾಸವೇ ಉತ್ತರ. ಒಂದು ಮಟ್ಟದಲ್ಲಿ ಅಳೆದು ಬಿಟ್ಟುಬಿಡಬೇಡಿ. 30 ಹರ್ಟ್ಸ್ ಸೈನ್ ಕೊಟ್ಟು ಮಟ್ಟ ಏರಿಸುತ್ತ 90 ಹರ್ಟ್ಸ್‌ನಲ್ಲಿ ಏಳುವ ಮೂರನೇ ಹಾರ್ಮೋನಿಕ್ ನೋಡಿ. ಎಲ್ಲಿ ಅದು ಒಮ್ಮೆಲೇ ಜಿಗಿಯುತ್ತದೋ ಅದೇ ನಿಮ್ಮ ಟ್ರಾನ್ಸ್‌ಫಾರ್ಮರಿನ ಗಡಿ.

ಮೇಲಿನ ತುದಿಯಲ್ಲಿ, 20 ಕಿಲೋ ಹರ್ಟ್ಸ್ ದಾಟಿ, ಉಬ್ಬು ಕಂಡರೆ ಸೆಕೆಂಡರಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಮತ್ತು ಸಣ್ಣ ಕೆಪ್ಯಾಸಿಟರ್ ಸೀರೀಸ್ ಹಾಕಬೇಕು. ಎಷ್ಟು ಅಂತ ತಯಾರಕರೇ ಕೊಟ್ಟಿದ್ದರೆ ಅದನ್ನೇ ಹಾಕಿ. ಕೊಡದಿದ್ದರೆ ಸ್ಕ್ವೇರ್ ವೇವ್ ಕೊಟ್ಟು, ಮೂಲೆಯಲ್ಲಿನ ನಡುಕ ನಿಲ್ಲುವವರೆಗೆ ಬೆಲೆ ಬದಲಿಸುತ್ತ ಹೋಗಿ.

ಟ್ರಾನ್ಸ್‌ಫಾರ್ಮರ್ ಹಾಕಿದರೆ "ವಾರ್ಮ್" ದನಿ ಬರುತ್ತೆ ಅಂತಾರಲ್ಲ?

ಬರುವುದು ಕೆಳಗಿನ ಆವರ್ತನದಲ್ಲಿ, ಅದೂ ಮಟ್ಟ ಜೋರಿದ್ದಾಗ. ಆವರ್ತನ ಏರಿದಂತೆ ಡಿಸ್ಟಾರ್ಷನ್ ಬೇಗ ಕರಗುತ್ತದೆ. ಹೆಣ್ಣು ದನಿ ಸುಮಾರು 200 ಹರ್ಟ್ಸ್‌ನಿಂದ ಶುರು. ಮಾಮೂಲಿ ಮಟ್ಟದಲ್ಲಿ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಅದಕ್ಕೆ ಏನೂ ಸೇರಿಸುವುದಿಲ್ಲ. ಡೊಳ್ಳು, ತಬಲಾದ ಬಾಯಾಂ, ಬಾಸ್ ಗಿಟಾರ್ ಆದರೆ ವ್ಯತ್ಯಾಸ ಕೇಳಿಸುತ್ತದೆ. ಬಣ್ಣ ಬೇಕು ಅನ್ನುವವರಿಗೆ ಸಣ್ಣ ಸ್ಟೀಲ್ ಕೋರಿನ ಅಗ್ಗದ ಟ್ರಾನ್ಸ್‌ಫಾರ್ಮರೇ ದುಬಾರಿಯದಕ್ಕಿಂತ ಜಾಸ್ತಿ ಬಣ್ಣ ಕೊಡುತ್ತದೆ.

ಮಲ್ಟಿಮೀಟರಿನಲ್ಲಿ ಓಮ್ ಅಳೆದರೆ ಮೈಕ್ ಟ್ರಾನ್ಸ್‌ಫಾರ್ಮರ್ ಹಾಳಾಗುತ್ತೆ ಅಂತಾರೆ. ನಿಜವಾ?

ಹಾಳಾಗುವುದಿಲ್ಲ, ಕೋರು ಸ್ವಲ್ಪ ಕಾಂತವಾಗಿ ಉಳಿಯಬಹುದು. ಓಮ್ ಅಳೆಯುವಾಗ ಮೀಟರ್ ಡಿಸಿ ಹರಿಸುತ್ತದೆ. ನಿಕ್ಕಲ್ ಕೋರಿಗೆ ಅಷ್ಟೇ ಸಾಕು, ಡಿಸ್ಟಾರ್ಷನ್ ಒಂಚೂರು ಏರುತ್ತದೆ. ಅಳೆಯದೇ ಇದ್ದರೆ ಒಳ್ಳೆಯದು, ಅಳೆದಿದ್ದರೂ ಗಾಬರಿ ಬೇಡ. 30-40 ಹರ್ಟ್ಸ್ ಸೈನ್ ಸಿಗ್ನಲ್ ಕೊಟ್ಟು, ಅಲೆ ವಿಕಾರವಾಗುವವರೆಗೆ ಮಟ್ಟ ಏರಿಸಿ. ಆಮೇಲೆ ವಾಲ್ಯೂಮ್ ನಾಬನ್ನು ಹತ್ತು ಹದಿನೈದು ಸೆಕೆಂಡು ತೆಗೆದುಕೊಂಡು ಸೊನ್ನೆಗೆ ಇಳಿಸಿ. ನಡುವೆ ಸಿಗ್ನಲ್ ಕತ್ತರಿಸಬೇಡಿ, ಕತ್ತರಿಸಿದರೆ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.